ಆ್ಯಂಟಿಬಯೋಟಿಕ್ ತಲೆಗೇರಿದಾಗ

ಮುಂಬಯಿಯ ಮಾಟುಂಗಾದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಮೂತ್ರದ ಸೋಂಕಿಗೆಂದು ಆಸ್ಪತ್ರೆ ಸೇರಿದ್ದರು. ಸೆಫೆಪಿಮ್ ಎಂಬ ಆ್ಯಂಟಿಬಯೋಟಿಕ್ ಶುರುವಾದ ನಾಲ್ಕನೇ ದಿನ ಮಗನ ಗುರುತೇ ಹತ್ತಲಿಲ್ಲ. ಕೈ ಇದ್ದಕ್ಕಿದ್ದಂತೆ ಬೆಚ್ಚಿಬೀಳುತ್ತಿತ್ತು. ಮನೆಯವರು ಅರಳುಮರಳು ಅಂದುಕೊಂಡರು. ವೈದ್ಯರು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿ, ಮೆದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿ ಮಾಡಿಸಿ, ಔಷಧ ಬದಲಿಸಿದರು. ಕೆಲವೇ ದಿನಗಳಲ್ಲಿ ಅಜ್ಜಿ ಮೊದಲಿನಂತಾದರು.

ಒಳಗೆ ಆದದ್ದು ಇಷ್ಟು. ಮೆದುಳಿನ ಉದ್ರೇಕಕ್ಕೆ ಕಡಿವಾಣ ಹಾಕುವುದು ಗಾಬಾ ಎಂಬ ರಾಸಾಯನಿಕ. ಪೆನ್ಸಿಲಿನ್‌ಗಳು, ಸೆಫೆಪಿಮ್‌ನಂಥ ಸೆಫಲೋಸ್ಪೊರಿನ್‌ಗಳು ಗಾಬಾ ಬಂದು ಅಂಟಿಕೊಳ್ಳುವ ಜಾಗವನ್ನು, ಅಂದರೆ ಅದರ ಗ್ರಾಹಕವನ್ನು, ತಡೆಯುತ್ತವೆ. ಸೆಫೆಪಿಮ್ ದೇಹದಿಂದ ಹೊರಹೋಗುವುದು ಮುಖ್ಯವಾಗಿ ಮೂತ್ರದಲ್ಲಿ. ಮೂತ್ರಪಿಂಡ ಸೋತಿದ್ದು ಡೋಸ್ ಇಳಿಸದಿದ್ದರೆ ಅದು ರಕ್ತದಲ್ಲೇ ಉಳಿದುಕೊಳ್ಳುತ್ತದೆ. ಮೈ ಅದುರದೆಯೂ ಫಿಟ್ಸ್ ನಡೆಯುತ್ತಿರಬಹುದು, ಇಇಜಿ ಇಲ್ಲದೆ ಅದು ಗೊತ್ತೇ ಆಗದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ಎಚ್ಚರಿಸಿದ್ದು ಇದನ್ನೇ.

ವೈದ್ಯಕೀಯ ಪರೀಕ್ಷೆಗೆ ನೆನಪಿಡಲು ನನಗೆ ಸಹಾಯವಾದದ್ದು, ತೊಂದರೆ ಕಾಣಲು ಹಿಡಿಯುವ ದಿನಗಳ ಲೆಕ್ಕ. ಪೆನ್ಸಿಲಿನ್, ಸೆಫಲೋಸ್ಪೊರಿನ್ ಗುಂಪಿನದು ಕೆಲವೇ ದಿನಗಳ ಆಟ, ಎಂಆರ್‌ಐ ಸಾಮಾನ್ಯವಾಗಿ ಸರಿಯಾಗಿರುತ್ತದೆ. ಮೆಟ್ರೊನಿಡಜೋಲ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್ ವಾರಗಟ್ಟಲೆ ಕಾಯುತ್ತದೆ: ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ಎಂಆರ್‌ಐನಲ್ಲಿ ಕಿರುಮೆದುಳಿನ ಒಳಗಿನ ಡೆಂಟೇಟ್ ಎಂಬ ಭಾಗ ಬೆಳ್ಳಗೆ ಕಾಣುತ್ತದೆ. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟಾಗ ನಿದ್ದೆಗೇಡು, ತಳಮಳ, ಭ್ರಮೆ ಕಾಣಬಹುದು. 2018ರಲ್ಲಿ ಎಫ್‌ಡಿಎ ಈ ಮಾನಸಿಕ ಪರಿಣಾಮಗಳ ಎಚ್ಚರಿಕೆಯನ್ನು ಬಿಗಿಗೊಳಿಸಿತು. ಈ ಔಷಧಗಳು ರಕ್ತದ ಸಕ್ಕರೆ ಮಟ್ಟವನ್ನೂ ಕುಸಿಸಬಲ್ಲವು, ಹಾಗಾಗಿ ಮಧುಮೇಹಿ ಗೊಂದಲಗೊಂಡರೆ ಮೊದಲು ಗ್ಲುಕೋಮೀಟರ್ ತೆಗೆಯಿರಿ. ಸೋಂಕು, ಜ್ವರ, ಸೋಡಿಯಂ ಏರುಪೇರು ಕೂಡ ಬುದ್ಧಿ ಮಂಕು ಮಾಡುತ್ತವೆ. ಎಲ್ಲ ತಪ್ಪನ್ನೂ ಔಷಧದ ತಲೆಗೆ ಕಟ್ಟಬೇಡಿ.

ಮುಂಬಯಿಯಲ್ಲಿ ವೈದ್ಯಕೀಯ ಕಲಿಯುವ ನಮಗೆ ಕ್ಷಯದ ಔಷಧಗಳೇ ಹೆಚ್ಚು ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ಔಷಧ ನಿರೋಧಕ ಕ್ಷಯಕ್ಕೆ ಕೊಡುವ ಸೈಕ್ಲೊಸೆರಿನ್ ಖಿನ್ನತೆ, ಚಿತ್ತವಿಕಾರ, ಸಾಯುವ ಯೋಚನೆಯನ್ನೂ ತರಬಹುದು. ಮೊದಲೇ ಮನೋರೋಗವಿತ್ತೇ ಎಂದು ಕೇಳಿಯೇ ಕೊಡಬೇಕು. ಅದೇ ಕ್ಷಯಕ್ಕೆ ಕೊಡುವ ಲಿನೆಜೊಲಿಡ್ ಜೊತೆಗೆ ಖಿನ್ನತೆಯ ಮಾತ್ರೆ ಇದ್ದರೆ ಸೆರಟೋನಿನ್ ಎಂಬ ಮೆದುಳಿನ ರಾಸಾಯನಿಕ ಹೆಚ್ಚಿ ನಡುಕ, ಬೆವರು, ಜ್ವರ ಬರಬಹುದು. ಕ್ಷಯದ ಸಾಮಾನ್ಯ ಮಾತ್ರೆಯಾದ ಐಸೊನಿಯಾಜಿಡ್ ದೇಹದ ಬಿ6 ಜೀವಸತ್ವವನ್ನು ಕೆಡಿಸುತ್ತದೆ; ಅದರ ಕೊರತೆಯಿಂದ ಕಾಲಿನ ನರಗಳೂ ಉರಿಯಬಹುದು. ಗಾಬಾ ತಯಾರಾಗಲು ಬಿ6 ಬೇಕೇ ಬೇಕು, ಆದ್ದರಿಂದಲೇ ಐಸೊನಿಯಾಜಿಡ್ ಮಿತಿಮೀರಿ ನುಂಗಿದವರಿಗೆ ಫಿಟ್ಸ್ ಬಂದರೆ ಬಿ6 ಅನ್ನೇ ರಕ್ತನಾಳಕ್ಕೆ ಕೊಡುತ್ತಾರೆ.

ಕ್ಷಯದ ಮಾತ್ರೆ ನುಂಗುತ್ತಿದ್ದ ಕಲಬುರಗಿ ಕಡೆಯ ಕೂಲಿಕಾರರೊಬ್ಬರು ವಾರ್ಡಿನಲ್ಲಿದ್ದರು. ಹಿಂದಿಯಲ್ಲಿ ಕೇಳಿದಾಗಲೆಲ್ಲ "ಸಬ್ ಠೀಕ್" ಅನ್ನುತ್ತಿದ್ದರು. ನಾನು ಕನ್ನಡದಲ್ಲಿ ಕೇಳಿದೆ. "ಅಂಗಾಲು ಉರಿತಾವ್ರಿ, ಇರಿವಿ ಹರಿದಂಗ ಆಗತದ" ಅಂದರು. ಕ್ಷಯದ ಮಾತ್ರೆ ನಿಲ್ಲಿಸಲಿಲ್ಲ; ಅಂದು ಸಂಜೆಯೇ ವೈದ್ಯರು ಅವರ ಚೀಟಿಗೆ ಪಿರಿಡಾಕ್ಸಿನ್, ಅಂದರೆ ಅದೇ ಬಿ6, ಸೇರಿಸಿದರು.