ಆರೆಂಜ್: ನಮ್ಮ ಕಡೆಯಿಂದ ಹೋಗಿ ವಾಪಸ್ ಬಂದ ಪದ

ಕೊಡಗಿನಲ್ಲಿ ಬೆಳೆದವರಿಗೆ ಈ ಪದ ಪುಸ್ತಕದಲ್ಲಿ ಸಿಗುವ ಮೊದಲೇ ಕೈಯಲ್ಲಿರುತ್ತದೆ. ಕಾಫಿ ತೋಟದ ಮಧ್ಯೆ ನಿಂತು ಕಿತ್ತಳೆ ಸುಲಿದರೆ ಸಿಪ್ಪೆಯಿಂದ ಸಣ್ಣಗೆ ಎಣ್ಣೆ ಚಿಮ್ಮುತ್ತದೆ, ಆ ವಾಸನೆ ಸಂಜೆವರೆಗೂ ಬೆರಳು ಬಿಡಲ್ಲ. ಪದದ ಹುಟ್ಟು ಇರುವುದೂ ಬಹುಶಃ ಆ ವಾಸನೆಯಲ್ಲೇ.

ಇಂಗ್ಲಿಷಿನ ಆರೆಂಜ್ ಹಿಂದೆ ಫ್ರೆಂಚ್ ಇದೆ, ಅದರ ಹಿಂದೆ ಅರಬ್ಬಿಯ ನಾರಂಜ್, ಪರ್ಷಿಯನ್ನಿನ ನಾರಂಗ್, ಸಂಸ್ಕೃತದ ನಾರಂಗ. ಸಂಸ್ಕೃತಕ್ಕೆ ಇದು ದ್ರಾವಿಡ ಭಾಷೆಯಿಂದ ಹೋಗಿರಬೇಕು ಅಂತ ಅನೇಕ ವಿದ್ವಾಂಸರು ಹೇಳುತ್ತಾರೆ. ತಮಿಳಿನಲ್ಲಿ 'ನಱು' ಅಂದರೆ ಸುವಾಸನೆಯ ಅಂತ ಅರ್ಥ. ನಮ್ಮ 'ನಾರು' ಈಗ ಕೆಟ್ಟ ವಾಸನೆಗೆ ಮಾತ್ರ ಉಳಿದಿದೆ, ಪಾಪ. ಮಲಯಾಳದವರು ನಿಂಬೆಗೆ ಇವತ್ತಿಗೂ ನಾರಂಗ ಅಂತಲೇ ಅನ್ನುತ್ತಾರೆ.

ಹಾಗಾದರೆ ಮೊದಲಿನ 'ನ' ಎಲ್ಲಿ ಹೋಯಿತು? ಇಂಗ್ಲಿಷಿನವರು 'ಎ ನಾರೆಂಜ್' ಅನ್ನುವುದನ್ನು 'ಆನ್ ಆರೆಂಜ್' ಮಾಡಿದರು ಅಂತ ಸುಮಾರು ಕಡೆ ಬರೆದಿರುತ್ತಾರೆ. ಅದು ಸರಿಯಲ್ಲ. 'ನ' ಉದುರಿದ್ದು ಇಂಗ್ಲೆಂಡಿನ ಆಚೆ ದಡದಲ್ಲಿ, ಯೂರೋಪಿನ ಇಟಾಲಿಯನ್, ಫ್ರೆಂಚ್ ಬಾಯಿಗಳಲ್ಲಿ. ಇಂಗ್ಲಿಷಿಗೆ ಬರುವಾಗಲೇ ಅದು ಇರಲಿಲ್ಲ. ಇಂಗ್ಲಿಷಿನಲ್ಲೇ 'ನ' ಕಳೆದುಕೊಂಡ ಪದ ಬೇಕು ಅಂದರೆ ಏಪ್ರನ್ ನೋಡಿ, ಅದು ಮೊದಲು ನೇಪ್ರನ್ ಆಗಿತ್ತು. ಸ್ಪ್ಯಾನಿಷ್‌ನಲ್ಲಿ ಇವತ್ತಿಗೂ ನರಾಂಹ ಅಂತ 'ನ' ಗಟ್ಟಿಯಾಗಿ ಉಳಿದಿದೆ.

ಬಣ್ಣದ ಅರ್ಥ ಬಂದದ್ದು ಆಮೇಲೆ. ಹಣ್ಣಿನ ಹೆಸರು 14ನೇ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿತ್ತು, ಬಣ್ಣಕ್ಕೆ ಅದು ನಿಂತದ್ದು 16ನೇ ಶತಮಾನದಲ್ಲಿ. ಅದಕ್ಕೇ ಅಲ್ಲಿನ ರಾಬಿನ್ ಹಕ್ಕಿಯ ಎದೆ ಕಿತ್ತಳೆ ಬಣ್ಣದ್ದಾದರೂ ಹೆಸರು ಮಾತ್ರ 'ರೆಡ್‌ಬ್ರೆಸ್ಟ್'. ನಾವೂ ಹಣ್ಣಿನಿಂದಲೇ 'ಕಿತ್ತಳೆ ಬಣ್ಣ' ಅಂತ ಮಾಡಿಕೊಂಡೆವು, ಅಲ್ವಾ?

ಬಳಸುವಾಗ ಒಂದು ಗಮನಿಸಿ. ಹಣ್ಣು ಅಂದಾಗ ಎಣಿಸಬಹುದು: 'ಟೂ ಆರೆಂಜಸ್'. ಬಣ್ಣ ಅಂದಾಗ ಸಾಮಾನ್ಯವಾಗಿ ಎಣಿಸುವುದಿಲ್ಲ. ಮಾತಾಡುವಾಗ ಒತ್ತು ಮೊದಲ ಅಕ್ಷರದ ಮೇಲೆ, 'ಆರಿಂಜ್' ಅನ್ನೋ ಹಾಗೆ. ನಾವು 'ರೇಂಜ್' ಅಂತ ಎಳೆಯುವುದೇ ಜಾಸ್ತಿ.

2006ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ 'ಕೂರ್ಗ್ ಆರೆಂಜ್' ಸಸ್ಯಶಾಸ್ತ್ರದ ಲೆಕ್ಕದಲ್ಲಿ ಮ್ಯಾಂಡರಿನ್ ಅನ್ನೋ ಬೇರೆ ಜಾತಿಯ ಹಣ್ಣು. ಸಿಪ್ಪೆ ಸಡಿಲ, ಬೆರಳಲ್ಲೇ ಬಿಡಿಸಬಹುದು.

ಇನ್ನೊಂದು, ನೆದರ್ಲೆಂಡ್ಸ್ ರಾಜಮನೆತನದ ಹೆಸರಲ್ಲಿರುವ 'ಆರೆಂಜ್' ಹಣ್ಣಿನಿಂದ ಬಂದದ್ದಲ್ಲ. ಅದು ಫ್ರಾನ್ಸಿನ ದಕ್ಷಿಣದ ಒಂದು ಊರಿನ ಹೆಸರು, ರೋಮನ್ನರ ಕಾಲದಲ್ಲಿ ಅರೌಸಿಯೊ. ಎರಡು ಪದಗಳ ಉಚ್ಚಾರ ಒಂದೇ ಆದ ಮೇಲೆ ಹಣ್ಣಿನ ಬಣ್ಣ ಆ ಮನೆತನಕ್ಕೂ ಅಂಟಿಕೊಂಡಿತು.