ಅಲರ್ಜಿ ಆದಾಗ ನಿದ್ದೆ ಯಾಕೆ ಬರುತ್ತದೆ?

ಸಿಗಡಿ ತಿಂದರೆ ಕೆಲವರಿಗೆ ಮೈಯೆಲ್ಲ ಪಿತ್ತದ ಗಂಧೆ ಏಳುತ್ತದೆ. ತುರಿಕೆ ತಡೆಯಲಾಗದೆ ಒಂದು ಅವಿಲ್ ಮಾತ್ರೆ ನುಂಗುತ್ತಾರೆ. ಸ್ವಲ್ಪ ಹೊತ್ತಿಗೆ ಕಣ್ಣು ಎಳೆಯುತ್ತದೆ. ಸಿಗಡಿ ತಿಂದಿದ್ದಕ್ಕೇ ಈ ಮಂಪರು ಅಂದುಕೊಳ್ಳುತ್ತಾರೆ. ಆದರೆ ಹೆಚ್ಚಿನ ಸಲ ಅದು ಮಾತ್ರೆಯ ಕೆಲಸ.

ತಿಂದ ಪದಾರ್ಥದ ಪ್ರೋಟೀನನ್ನು ದೇಹ ಶತ್ರು ಎಂದು ತಪ್ಪು ತಿಳಿದಾಗ ಕೆಲವು ಜೀವಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಚೆಲ್ಲುತ್ತವೆ. ತುರಿಕೆ, ಊತ, ಮೂಗು ಸೋರುವುದು ಎಲ್ಲ ಅದರಿಂದಲೇ. ವಿಚಿತ್ರ ಏನೆಂದರೆ, ಇದೇ ಹಿಸ್ಟಮಿನ್ ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುತ್ತದೆ. ಮಿದುಳಿನ ಹೈಪೋಥಲಾಮಸ್ ಎಂಬ ಭಾಗದ ಹಿಂಬದಿಯಲ್ಲಿ ಅದನ್ನು ತಯಾರಿಸುವ ನರಕೋಶಗಳ ಒಂದು ಪುಟ್ಟ ಗುಂಪಿದೆ. ನಾವು ಎದ್ದಿರುವಾಗ ಅವು ಚುರುಕಾಗಿರುತ್ತವೆ, ನಿದ್ದೆ ಹೋದಾಗ ಸುಮ್ಮನಾಗುತ್ತವೆ. ಅವಿಲ್‌ನಂಥ ಹಳೇ ಕಾಲದ ಅಲರ್ಜಿ ಔಷಧಿಗಳು ರಕ್ತದಿಂದ ಮಿದುಳಿಗೂ ನುಗ್ಗಿ, ಅಲ್ಲಿನ ಹಿಸ್ಟಮಿನ್‌ನ ಕೆಲಸವನ್ನೂ ತಡೆಯುತ್ತವೆ. ಅಮೆರಿಕದಲ್ಲಿ ಇದೇ ಜಾತಿಯ ಡೈಫೆನ್‌ಹೈಡ್ರಮಿನ್ ಅನ್ನು ನಿದ್ದೆ ಮಾತ್ರೆಯಾಗಿಯೇ ಮಾರುತ್ತಾರೆ. ಆಮೇಲೆ ಬಂದ ಅಲರ್ಜಿ ಮಾತ್ರೆಗಳಲ್ಲಿ ಸೆಟ್ರಿಜಿನ್ ಕೊಡುವ ಮಂಪರು ಕಡಿಮೆ, ಫೆಕ್ಸೊಫೆನಡಿನ್‌ನದು ಇನ್ನೂ ಕಡಿಮೆ. ಗಾಡಿ ಓಡಿಸುವವರು ಡಾಕ್ಟರನ್ನು ಈ ಬಗ್ಗೆ ಕೇಳಲೇಬೇಕು.

ಮಾತ್ರೆ ನುಂಗದಿದ್ದರೂ ಹಗಲು ತೂಕಡಿಕೆ ಬರಬಹುದು. ರಾತ್ರಿಯೆಲ್ಲ ಮೈ ಕೆರೆದುಕೊಳ್ಳುತ್ತಿದ್ದರೆ ನಿದ್ದೆ ಎಲ್ಲಿಂದ ಬರಬೇಕು, ಅಲ್ವಾ? 1980ರ ದಶಕದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಮಕ್ಕಳ ಡಾಕ್ಟರ್ ಆಂದ್ರೆ ಕಾನ್ ಮತ್ತು ಸಂಗಡಿಗರು, ಸದಾ ನಿದ್ದೆಗೆಟ್ಟು ಅಳುವ ಕೂಸುಗಳನ್ನು ಪರೀಕ್ಷಿಸಿದರು. ಅವರಲ್ಲಿ ಕೆಲವರಿಗೆ ಹಸುವಿನ ಹಾಲಿನ ಅಲರ್ಜಿ ಇತ್ತು. ಹಾಲು ನಿಲ್ಲಿಸಿದಾಗ ಆ ಮಕ್ಕಳ ನಿದ್ದೆ ಸರಿಹೋಯಿತು, ಮತ್ತೆ ಕೊಟ್ಟಾಗ ಕೆಟ್ಟಿತು. ಅಳುವ ಮಕ್ಕಳಿಗೆಲ್ಲ ಹಾಲೇ ಕಾರಣ ಅಂತ ಇದರರ್ಥವಲ್ಲ.

ಆಹಾರದ ಅಲರ್ಜಿಯಿಂದ ನೇರವಾಗಿ ಮಂಪರು ಬರುವುದೂ ಉಂಟು. ಅದನ್ನು ಎಲ್ಲ ತಂದೆತಾಯಿಯರೂ ತಿಳಿದಿರಬೇಕು. ಎಫ್‌ಪಿಐಇಎಸ್ ಎಂಬ, ಆಹಾರದ ಪ್ರೋಟೀನಿನಿಂದ ಹೊಟ್ಟೆ-ಕರುಳು ಕೆರಳುವ ತೊಂದರೆಯಲ್ಲಿ ಗಂಧೆ ಏಳುವುದಿಲ್ಲ, ಸಾಮಾನ್ಯ ಅಲರ್ಜಿ ಪರೀಕ್ಷೆಯಲ್ಲೂ ಹೆಚ್ಚಾಗಿ ಏನೂ ಸಿಗುವುದಿಲ್ಲ. ಹಸುವಿನ ಹಾಲು, ಸೋಯಾ, ಕೆಲವೊಮ್ಮೆ ಅಕ್ಕಿಯ ಗಂಜಿ ಕೂಡ ಇದಕ್ಕೆ ಕಾರಣವಾಗುತ್ತದೆ. ತಿನ್ನಿಸಿ 1ರಿಂದ 4 ಗಂಟೆಯೊಳಗೆ ಮಗು ಮೇಲಿಂದ ಮೇಲೆ ವಾಂತಿ ಮಾಡುತ್ತದೆ. ಮುಖ ಬಿಳಿಚಿಕೊಳ್ಳುತ್ತದೆ, ಕೈಕಾಲು ಜೋತುಬೀಳುತ್ತವೆ, ಕರೆದರೂ ಕಣ್ಣು ಸರಿಯಾಗಿ ಬಿಡುವುದಿಲ್ಲ. ಸುಸ್ತಾಗಿದೆ, ಮಲಗಲಿ ಬಿಡು ಅಂತ ದಯವಿಟ್ಟು ಸುಮ್ಮನಿರಬೇಡಿ. ಮೈಯ ನೀರು ಹೋಗಿ ರಕ್ತದೊತ್ತಡ ಇಳಿಯುತ್ತಿರಬಹುದು. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ, ಏನು ತಿನ್ನಿಸಿದ್ದೀರಿ, ಎಷ್ಟು ಹೊತ್ತಾಯಿತು ಎಂಬುದನ್ನೂ ಹೇಳಿ. ಕಡಲೆಕಾಯಿ, ಮೊಟ್ಟೆ ತಿಂದ ಕೂಡಲೇ ಗಂಧೆ ಎದ್ದು, ಉಸಿರು ಕಟ್ಟಿ, ಮಗು ಮಂಕಾದರೂ ಅಷ್ಟೇ. ಆಗ ಬೇಕಾಗುವುದು ಅಡ್ರಿನಲಿನ್ ಇಂಜೆಕ್ಷನ್. ಮನೆಯಲ್ಲಿರುವ ಅಲರ್ಜಿ ಮಾತ್ರೆ ಸಾಲದು.

ದೊಡ್ಡವರಿಗೆ ಮಧ್ಯಾಹ್ನದ ಊಟವಾದ ಮೇಲೆ ಬರುವ ತೂಕಡಿಕೆ ಬೇರೆ ವಿಷಯ. ದೇಹದ ಗಡಿಯಾರದಿಂದಾಗಿಯೇ ಆ ಹೊತ್ತಿನಲ್ಲಿ ಎಚ್ಚರ ಸ್ವಲ್ಪ ಇಳಿಯುತ್ತದೆ, ಊಟ ಬಿಟ್ಟವರಿಗೂ ಹಾಗೇ. ಇದೂ ಅಲರ್ಜಿಯೇ ಅಂತ ಹೆದರಿ ಐಜಿಜಿ (ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ) ರಕ್ತಪರೀಕ್ಷೆ ಮಾಡಿಸಿ, ವರದಿಯಲ್ಲಿ ಬಂದ ಹಾಲು, ಗೋಧಿ, ಮೊಟ್ಟೆ ಎಲ್ಲ ಬಿಡುವವರಿದ್ದಾರೆ. ಐಜಿಜಿ ಇದೆ ಅಂದರೆ ಆ ಪದಾರ್ಥವನ್ನು ನೀವು ತಿಂದಿದ್ದೀರಿ ಅಂತ ಅಷ್ಟೇ. ಅಲರ್ಜಿ ಪತ್ತೆಗೆ ಈ ಪರೀಕ್ಷೆ ಬೇಡ ಎಂದು ಯುರೋಪ್, ಅಮೆರಿಕದ ಅಲರ್ಜಿ ತಜ್ಞರ ಸಂಘಗಳೇ ಹೇಳಿವೆ.

ವಾರಗಟ್ಟಲೆ ಹಗಲು ನಿದ್ದೆ ಕಾಡುತ್ತಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ. ಗೊರಕೆ ಜಾಸ್ತಿ ಇದ್ದರೆ ಅದನ್ನೂ ಡಾಕ್ಟರಿಗೆ ತಿಳಿಸಿ. ಸೀಲಿಯಾಕ್ ಎಂಬ ಕಾಯಿಲೆಯಲ್ಲಿ ಗೋಧಿ ಕರುಳನ್ನು ಹಾಳುಮಾಡಿ, ಕಬ್ಬಿಣದಂಶ ಮೈಗೆ ಸೇರದೆ ರಕ್ತಹೀನತೆಯ ಸುಸ್ತು ಬರುತ್ತದೆ. ಇದು ಅಲರ್ಜಿಯಲ್ಲ. ಆ ಅನುಮಾನ ಇದ್ದರೆ ಗೋಧಿ ತಿನ್ನುತ್ತಿರುವಾಗಲೇ ಪರೀಕ್ಷೆ ಮಾಡಿಸಬೇಕು. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಕಾಣದೆ ಹೋಗಬಹುದು.