ಫೋನಿನಲ್ಲಿ ಕೇಳಿದ ಮಾತು ಪುಟದಲ್ಲಿ ಏಕಿಲ್ಲ?

"ಬರೆದು ಮುಗಿಸಿದ್ದೇವೆ, ಇನ್ನು ನೀವು ಸ್ವಲ್ಪ ಎಸ್‌ಇಒ ಹಾಕಿಬಿಡಿ." ಶಿರಸಿಯ ನಮ್ಮ ಕಚೇರಿಯಲ್ಲಿ ವಾರಕ್ಕೊಮ್ಮೆಯಾದರೂ ನನ್ನ ಕಿವಿಗೆ ಬೀಳುವ ಮಾತು ಇದು. ಎಸ್‌ಇಒ ಅಂದರೆ ಗೂಗಲ್‌ನಲ್ಲಿ ಹುಡುಕುವವರಿಗೆ ನಮ್ಮ ಜಾಲತಾಣದ ಪುಟ ಸಿಗುವಂತೆ ಮಾಡುವ ಕೆಲಸ. ಹೇಳುವವರು ಕೆಲಸ ಬಲ್ಲವರೇ. ಒಬ್ಬರು ಲೇಬಲ್ ವಿನ್ಯಾಸ ಮಾಡುತ್ತಾರೆ, ಒಬ್ಬರು ನಾವು ಮಾರುವ ಅಪ್ಪೆಮಿಡಿ, ಜೋನಿಬೆಲ್ಲ, ತೊಡದೇವುಗಳ ಬಗ್ಗೆ ಬರೆಯುತ್ತಾರೆ, ಇನ್ನೊಬ್ಬರು ಪ್ಯಾಕಿಂಗ್ ಜೊತೆಗೆ ಗ್ರಾಹಕರ ಫೋನನ್ನೂ ನೋಡಿಕೊಳ್ಳುತ್ತಾರೆ. ಎಲ್ಲರೂ ನನಗೆ ಬೇಕಾದವರು. ಆದರೆ ಎಸ್‌ಇಒ ಎಂದರೆ ಕೊನೆಗೆ ಹಾಕುವ ಒಗ್ಗರಣೆ ಎಂಬ ಅವರ ನಂಬಿಕೆಯನ್ನು ಬಿಡಿಸುವಷ್ಟರಲ್ಲಿ ನನಗೆ ಸಾಕಾಗಿ ಹೋಗುತ್ತದೆ.

ಗೂಗಲ್ ಪುಟಗಳನ್ನು ಹೇಗೆ ಹುಡುಕಿ, ಓದಿ, ದಾಖಲಿಸುತ್ತದೆ ಎಂದು ಇಲ್ಲಿ ಹೇಳುತ್ತ ಕೂರುವುದಿಲ್ಲ. ಸಹೋದ್ಯೋಗಿಗಳಿಗೆ ಅದು ಅಷ್ಟಾಗಿ ಬೇಕಿಲ್ಲ. ಅವರಿಗೆ ಮನದಟ್ಟಾಗಬೇಕಾದದ್ದು ಒಂದೇ: ಹುಡುಕುವವರು ತಮ್ಮ ಬಾಯಿಮಾತಿನಲ್ಲಿ ಹುಡುಕುತ್ತಾರೆ, ನಮ್ಮ ಮಾತಿನಲ್ಲಿ ಅಲ್ಲ.

ಮುರುಗಲು ಎಂಬ ಹುಳಿ ಹಣ್ಣನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಅದು ಮುರುಗಲು. ಮಂಗಳೂರು ಕಡೆಯವರಿಗೆ ಪುನರ್ಪುಳಿ. ಪೇಟೆಯ ಅಂಗಡಿಯಲ್ಲಿ ಕೋಕಂ. ನಮ್ಮ ಷರಬತ್ತಿನ ಪುಟಕ್ಕೆ ಮೊದಲು ಕೊಟ್ಟಿದ್ದ ತಲೆಬರಹ "ಮಲೆನಾಡಿನ ಮಡಿಲಿನಿಂದ ಒಂದು ತಂಪು". ಓದಲು ಚೆಂದ, ಒಪ್ಪುತ್ತೇನೆ. ಆದರೆ ಬೆಂಗಳೂರಿನಲ್ಲಿ ಕೋಕಂ ಸಿರಪ್ ಬೇಕಾದವರು ಯಾರು ತಾನೇ ಮಡಿಲು ಎಂದು ಟೈಪಿಸುತ್ತಾರೆ? ಆ ಪುಟದಲ್ಲಿ ಕೋಕಂ ಎಂಬ ಪದ ಒಂದು ಕಡೆಯೂ ಇರಲಿಲ್ಲ. ಗೂಗಲ್ ಸಮಾನಾರ್ಥಕಗಳನ್ನು ಸಾಕಷ್ಟು ಗುರುತಿಸುತ್ತದೆ, ನಿಜ. ಆದರೂ ಊರ ಪದಕ್ಕೂ ಪೇಟೆಯ ಪದಕ್ಕೂ ಇರುವ ನಂಟನ್ನು ಅದು ಪ್ರತಿ ಸಲವೂ ಹಿಡಿದೀತೆಂದು ನಂಬಿ ಕೂರಲು ನಾನು ತಯಾರಿಲ್ಲ.

ಇದನ್ನು ವಿವರಿಸಿದ ಮರುದಿನವೇ ಬರೆಯುವವರು ಹೊಸ ಪುಟ ತಂದರು. ಪ್ರತಿ ಸಾಲಿನಲ್ಲೂ ಕೋಕಂ! "ಕೋಕಂ ಪ್ರಿಯರ ಕೋಕಂ ಷರಬತ್ತಿನ ಕೋಕಂ ರುಚಿ" ಎಂಬಂಥ ವಾಕ್ಯಗಳು. ನನಗೆ ಸಿಟ್ಟೇ ಬಂತು, ಆಮೇಲೆ ಪಾಪ ಅನ್ನಿಸಿತು. ಪದ ತುರುಕುವುದನ್ನು ಗೂಗಲ್ ತನ್ನ ನಿಯಮಗಳಲ್ಲೇ ಸ್ಪ್ಯಾಮ್ ಎಂದು ಹೆಸರಿಸಿದೆ. ಪುಟದ ಕೋಡ್‌ನ ಒಳಗೆ, ಓದುವವರಿಗೆ ಕಾಣದ ಹಾಗೆ, ಕೀವರ್ಡ್ ಅಂದರೆ ಹುಡುಕುವ ಪದಗಳ ಪಟ್ಟಿ ಸೇರಿಸುವ ಹಳೆಯ ಅಭ್ಯಾಸವೂ ಇದೆ. ಶ್ರೇಯಾಂಕಕ್ಕೆ ಆ ಪಟ್ಟಿಯನ್ನು ಬಳಸುವುದೇ ಇಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ, ಆದರೂ ಈಗಲೂ ಅದನ್ನು ಕೇಳಿಕೊಂಡು ಬರುವವರಿದ್ದಾರೆ. ನಾನು ಕೇಳಿದ್ದು ಇಷ್ಟೇ: ತಲೆಬರಹದಲ್ಲಿ ಒಮ್ಮೆ, ಮೊದಲ ಸಾಲಿನಲ್ಲಿ ಒಮ್ಮೆ, ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ, "ಮುರುಗಲು, ಅಂದರೆ ಕೋಕಂ; ಮಂಗಳೂರಿನವರ ಪುನರ್ಪುಳಿ" ಎಂದು ಬರೆಯಿರಿ. ಮುಂದಿನದನ್ನು ನಿಮ್ಮ ಚೆಂದದ ಕನ್ನಡದಲ್ಲೇ ಬರೆಯಿರಿ, ಮುರುಗಲು ಎಂಬ ಪದವನ್ನು ಮಾತ್ರ ಬಿಡಬೇಡಿ.

ಹಾಗಾದರೆ ಜನರ ಮಾತು ಗೊತ್ತಾಗುವುದು ಹೇಗೆ? ಗೂಗಲ್‌ನದೇ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನವಿದೆ. ಯಾವ ಪದ ಹುಡುಕಿದವರಿಗೆ ನಮ್ಮ ಪುಟ ಎಷ್ಟು ಸಲ ಕಂಡಿತು, ಎಷ್ಟು ಮಂದಿ ಒತ್ತಿ ಒಳಗೆ ಬಂದರು ಎಂಬುದನ್ನು ಅದು 16 ತಿಂಗಳ ಹಿಂದಿನವರೆಗೂ ತೋರಿಸುತ್ತದೆ. ಆದರೆ ನಮ್ಮ ಪುಟ ಕಾಣದೇ ಹೋದ ಹುಡುಕಾಟಗಳು ಅದರಲ್ಲಿ ಇರುವುದೇ ಇಲ್ಲ. ನನಗೆ ಅದಕ್ಕಿಂತ ದೊಡ್ಡ ಸಾಧನ ಸಿಕ್ಕಿದ್ದು ಪ್ಯಾಕಿಂಗ್ ಮೇಜಿನ ಬಳಿ. ಫೋನ್ ಎತ್ತುವ ಸಹೋದ್ಯೋಗಿಯನ್ನು ಒಂದು ಮಧ್ಯಾಹ್ನ ಸುಮ್ಮನೆ ಕೇಳಿದೆ, ಜನ ಏನಂತ ಕೇಳುತ್ತಾರೆ ಎಂದು. "ಮುರುಗಲು ತುಪ್ಪ ಅಂತ ಯಾರೂ ಕೇಳೂದಿಲ್ಲ ಸರ್. ಹಿಮ್ಮಡಿ ಒಡೆದದ್ದಕ್ಕೆ ಹಚ್ಚೂದು ಇದೆಯಾ ಅಂತಾರೆ, ಇಲ್ಲಾಂದ್ರೆ ಕೋಕಂ ಬಟರ್ ಅಂತಾರೆ" ಎಂದರು. ಎಷ್ಟೋ ದಿನ ನಾನು ಸರ್ಚ್ ಕನ್ಸೋಲ್‌ನ ಪಟ್ಟಿ ನೋಡಿ ತಿಳಿಯಲಾಗದ್ದು ಅದು. ಆ ದಿನವೇ ಒಂದೇ ಪುಟದಲ್ಲಿದ್ದ ಷರಬತ್ತು, ಒಣಸಿಪ್ಪೆ, ತುಪ್ಪ ಮೂರನ್ನೂ ಬೇರೆ ಬೇರೆ ಪುಟ ಮಾಡಲು ಹೊರಟೆವು. ಹಣ್ಣು ಒಂದೇ, ಆದರೆ ಹುಡುಕಿಕೊಂಡು ಬರುವವರು ಮೂವರು. ಒಂದು ಎಚ್ಚರಿಕೆಯನ್ನೂ ಹೇಳಿದೆ: ಜನ ಪಿತ್ತಕ್ಕೆ, ಹೊಟ್ಟೆಯುರಿಗೆ ಎಂದು ಕೇಳುತ್ತಾರೆಂದು ನಾವು ಮುರುಗಲನ್ನು ಔಷಧಿಯೆಂದು ಬರೆಯಬಾರದು.

ವಿನ್ಯಾಸ ಮಾಡುವವರಿಗೆ ಬೇರೆಯದೇ ಪಾಠ ಬೇಕಾಯಿತು. ಲೇಬಲ್‌ಗೆಂದು ಹಳೆಯ ನುಡಿ ಫಾಂಟ್‌ನಲ್ಲಿ ಟೈಪಿಸಿದ್ದನ್ನೇ ಅವರು ಪುಟಕ್ಕೂ ಅಂಟಿಸಿದ್ದರು. ಅವರ ಪರದೆಯಲ್ಲಿ ಅದು ಚೊಕ್ಕ ಕನ್ನಡ. ಆದರೆ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಆ ಬರಹದ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅಕ್ಷರದ ವೇಷ ಮಾತ್ರ ಕನ್ನಡದ್ದು. ಫಾಂಟ್ ತೆಗೆದು ತೋರಿಸಿದಾಗ ಅವರ ಮುಖ ಸಣ್ಣದಾಯಿತು. ಮುರುಗಲು ಎಂದು ಹುಡುಕಿದವರಿಗೆ ಅದು ಸಿಗುವುದಾದರೂ ಹೇಗೆ? ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಿಟ್ಟು ನೋಡಿದರೆ ಮುಗಿಯಿತು. ಹುಡುಕಾಟಕ್ಕೆ ಸಿಗಲು ಅಕ್ಷರ ಅಕ್ಷರವಾಗಿಯೇ ಇರಬೇಕೆಂದು ತಿಳಿದ ಮೇಲೆ, ಬೆಲೆಪಟ್ಟಿಯನ್ನು ಚಿತ್ರವಾಗಿ ಹಾಕುವುದನ್ನೂ ಅವರೇ ನಿಲ್ಲಿಸಿದರು.

ಇಷ್ಟಾದರೆ ಮೊದಲ ಸ್ಥಾನ ಗ್ಯಾರಂಟಿಯೇ ಎಂದು ಲೆಕ್ಕಪತ್ರ ನೋಡುವವರು ಕೇಳುತ್ತಾರೆ. ಇಲ್ಲ. ಯಾರೂ ಆ ಗ್ಯಾರಂಟಿ ಕೊಡಲಾರರು ಎಂದು ಗೂಗಲ್ಲೇ ಹೇಳುತ್ತದೆ, ಕೊಡುತ್ತೇನೆನ್ನುವವರಿಗೆ ಹಣ ಕೊಡಬೇಡಿ. ಕೆಲವು ಬದಲಾವಣೆಯ ಫಲ ದಿನಗಳಲ್ಲೇ ಕಾಣಬಹುದು, ಕೆಲವಕ್ಕೆ ತಿಂಗಳುಗಳೇ ಹಿಡಿಯಬಹುದು.

ಈಗ ಫೋನಿನ ಪಕ್ಕ ಒಂದು ನೋಟ್‌ಬುಕ್ ಇದೆ. ಕೇಳಿದವರ ಮಾತನ್ನು ತಿದ್ದದೆ ಹಾಗೆಯೇ ಬರೆದಿಡಿ ಎಂದಿದ್ದೇನೆ. ನಿನ್ನೆಯ ಸಾಲು ಹೀಗಿತ್ತು: "ಕಾರವಾರದವರು. ಮೀನು ಸಾರಿಗೆ ಹಾಕುವ ಸೋಲ ಇದೆಯಾ?" ಅವರಿಗೆ ಬೇಕಿದ್ದದ್ದು ನಮ್ಮ ಕಪಾಟಿನಲ್ಲೇ ಇರುವ ಒಣಸಿಪ್ಪೆ. ಸೋಲ ಎಂಬ ಪದ ನಮ್ಮ ಯಾವ ಪುಟದಲ್ಲೂ ಇಲ್ಲ. ಒಣಸಿಪ್ಪೆಯ ಪುಟವನ್ನು ಬರೆಯುವವರು ಈಗ ಮತ್ತೆ ತೆರೆದು ಕೂತಿದ್ದಾರೆ.